ಮೆಸೊಪೊಟೇಮಿಯದ ಗಾಯಾಳುಗಳೂ ಎರಡು ವಿಚಾರಣೆಗಳೂ

ನವೆಂಬರ್ 1ನೆಯ ತಾರೀಖು ಕನ್ನಡಿಗರಿಗೂ ಆಂಧ್ರರಿಗೂ ಸಮಾನವಾದ ದಿನ. 1956ರಲ್ಲಿ ಅಂದೇ ವಿಶಾಲ ಮೈಸೂರು ರಾಜ್ಯವೂ ಆಂಧ್ರಪ್ರದೇಶವೂ ಉದಯಿಸಿದವು. ಅದಕ್ಕೂ ಹಿಂದೆ ನಮ್ಮ ನಂಟು ಬೇರೊಂದು ಬಗೆಯದಾಗಿತ್ತು. ಪೆಂಡುರ್ತಿಯನ್ನೊಳಗೊಂಡ ವಿಶಾಖಪಟ್ಟಣ ಜಿಲ್ಲೆಯೂ, ನಮ್ಮ ಬಳ್ಳಾರಿಯೂ, ಕಾಸರಗೋಡು ಸಹಿತವಾದ ದಕ್ಷಿಣ ಕನ್ನಡವೂ ಆಗ ಒಂದೇ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ಪ್ರಾಂತದಲ್ಲಿ ಒಂದು ಯುದ್ಧನಿಧಿ ಕೂಡಿತು. ಆ ಹಣದಿಂದ ಗಾಯಗೊಂಡ ಸೈನಿಕರಿಗಾಗಿ ಒಂದು ಆಸ್ಪತ್ರೆಯ ಹಡಗನ್ನು ಸಜ್ಜುಗೊಳಿಸಿದರು. ಅದರ ಹೆಸರೇ 'ಮದ್ರಾಸು'. ಅದು ಬೊಂಬಾಯಿಗೂ ಬಸ್ರಾಕ್ಕೂ ನಡುವೆ ಓಡಾಡಿ ಅಸಂಖ್ಯ ಗಾಯಾಳುಗಳನ್ನು ತಂದಿತು. ಜನರು ದಾನದಿಂದ ಹಡಗು ಕೊಡಬೇಕಾಗಿ ಬಂದ ಆ ರಣರಂಗದಲ್ಲಿ ಸರ್ಕಾರದ ಏರ್ಪಾಡು ಹೇಗಿತ್ತೆಂಬುದೇ ಈ ಲೇಖನದ ವಿಷಯ.

1914ರ ನವೆಂಬರಿನಲ್ಲಿ ಭಾರತದಿಂದ ಹೊರಟ ಸೇನೆ ಬಸ್ರಾ ಪಟ್ಟಣವನ್ನು ಹಿಡಿಯಿತು. ಅದು ಇಂದಿನ ಇರಾಕ್ ದೇಶದ ಬಂದರು. ಆಗ ತುರ್ಕಿಯರ ಅಧೀನದಲ್ಲಿತ್ತು. ಈ ಸೇನೆಯ ಪುಣೆಯ ಆರನೆಯ ಡಿವಿಜನ್ನಿನಲ್ಲಿ 103, 110 ಮತ್ತು 117 ಎಂಬ ಸಂಖ್ಯೆಗಳ ಮೂರು ಮರಾಠಾ ಪಲ್ಟಣಗಳಿದ್ದವು. ಇವುಗಳ ಪರಂಪರೆಯನ್ನು ಇಂದಿಗೂ ನಡೆಸುತ್ತಿರುವ ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಬೆಂಗಳೂರಿನಲ್ಲಿ ನೆಲೆಗೊಂಡಿದ್ದ ಮದ್ರಾಸು ಸ್ಯಾಪರ್ಸ್ ದಳದ ತುಕಡಿಗಳೂ ಮುಂದೆ ಅದೇ ರಣರಂಗಕ್ಕೆ ಹೋದವು. ಆದುದರಿಂದ ಮೆಸೊಪೊಟೇಮಿಯದ ಕಥೆ ನಮಗೆ ಪರದೇಶದ ಕಥೆಯಲ್ಲ.

ಬಸ್ರಾದಿಂದ ಮೇಲಕ್ಕೆ ಸರಿಯಾದ ರಸ್ತೆಯಿಲ್ಲ, ರೈಲಿಲ್ಲ. ಟೈಗ್ರಿಸ್ ನದಿಯೊಂದೇ ದಾರಿ. ಸೇನೆ ಬಾಗ್ದಾದಿನ ಆಸೆಯಿಂದ ಮುಂದೆ ಮುಂದೆ ಹೋಯಿತು. ಹಿಂದೆ ದೋಣಿಗಳು ಸಾಲದಾದವು. ಇನ್ನಷ್ಟು ನದೀನೌಕೆಗಳು ಬೇಕೆಂದು ಕೇಳಿದರೆ, ಮಿತವ್ಯಯವೇ ಪರಮಧರ್ಮವಾಗಿದ್ದ ಭಾರತ ಸರ್ಕಾರದಲ್ಲಿ ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆಯುತ್ತಿತ್ತು. ಗಾಯಾಳುಗಳಿಗೆಂದೇ ಸಜ್ಜಾದ ಒಂದು ನೌಕೆಯೂ ನದಿಯ ಮೇಲೆ ಇರಲಿಲ್ಲ. ಈ ಸ್ಥಿತಿಯಲ್ಲಿ 1915ರ ನವೆಂಬರ್ 22ರಂದು ಜನರಲ್ ಟೌನ್‌ಶೆಂಡನು ಬಾಗ್ದಾದಿನ ಸಮೀಪದ ಟೆಸಿಫಾನಿನಲ್ಲಿ ಯುದ್ಧಕ್ಕೆ ತೊಡಗಿದನು. ಸತ್ತವರು, ಗಾಯಗೊಂಡವರು ಸೇರಿ ಸುಮಾರು 4,600 ಮಂದಿ. ವೈದ್ಯ ಇಲಾಖೆ ಸಿದ್ಧವಾಗಿದ್ದುದು ಅದರ ಎಷ್ಟೋ ಕಡಿಮೆ ಸಂಖ್ಯೆಗೆ.

ಗಾಯಾಳುಗಳನ್ನು ನದಿಯ ದಡಕ್ಕೆ ಒಯ್ದದ್ದು ಹೇಸರಗತ್ತೆಗಳು ಎಳೆಯುವ, ಸ್ಪ್ರಿಂಗ್ ಇಲ್ಲದ ಸಾಮಾನಿನ ಗಾಡಿಗಳಲ್ಲಿ. ತೊಡೆಯ ಮೂಳೆ ಮುರಿದವನನ್ನು ಹೊಲದ ಮೇಲೆ ಅಂಥ ಗಾಡಿಯಲ್ಲಿ ಒಯ್ದರೆ ಅವನ ಪಾಡೇನೆಂಬುದನ್ನು ವಾಚಕರೇ ಊಹಿಸಬಹುದು. ದಡದಲ್ಲಿ ಕಾದಿದ್ದುದು ಕುದುರೆ, ಹೇಸರಗತ್ತೆಗಳನ್ನು ಸಾಗಿಸಿ ತೊಳೆಯದೆ ಬಿಟ್ಟ ದೋಣಿಗಳು. ಅವುಗಳ ಅಟ್ಟದ ಮೇಲೆ ಹಾಸಿಗೆಯಿಲ್ಲದೆ, ಮರೆಯಿಲ್ಲದೆ ಮಲಗಿ, ಬಸ್ರಾ ಸೇರಲು ಕೆಲವರಿಗೆ ಎರಡು ವಾರದಷ್ಟು ಕಾಲ ಹಿಡಿಯಿತು.

ಬಸ್ರಾದಲ್ಲಿ ನಿಂತಿದ್ದ ಆಸ್ಪತ್ರೆಯ ಹಡಗೊಂದರ ಅಧಿಕಾರಿ ಇಂಡಿಯನ್ ಮೆಡಿಕಲ್ ಸರ್ವಿಸಿನ ಮೇಜರ್ ಕಾರ್ಟರ್. ಅವನು ಒಂದು ಸಂಜೆ 'ಮೆಜಿದಿಯೆ' ಎಂಬ ನೌಕೆ ಬರುವುದನ್ನು ನೋಡಿದನು. ಅದರ ಪಕ್ಕಗಳಿಂದ ಹಗ್ಗಗಳು ಜೋತಾಡುವಂತೆ ಕಂಡಿತು. ಹತ್ತಿರ ಬಂದಾಗ ಅದು ಹಗ್ಗವಲ್ಲ, ಅತಿಸಾರದಿಂದ ನರಳುವ ಜನರ ಮಲವೆಂದು ತಿಳಿಯಿತು. ಮುರಿದ ಕಾಲಿಗೆ ಮದ್ಯದ ಪೆಟ್ಟಿಗೆಗಳ ಹಲಗೆಯನ್ನೇ ದಬ್ಬೆಯಾಗಿ ಕಟ್ಟಿದ್ದನ್ನೂ ಅವನು ಕಂಡನು. ಇದನ್ನು ಅವನು ಮೇಲಧಿಕಾರಿಗಳಿಗೆ ಬರೆದು ತಿಳಿಸಿದನು. ದೊರೆತ ಉತ್ತರ, ಬಾಯಿ ಮುಚ್ಚದಿದ್ದರೆ ದಸ್ತಗಿರಿ ಮಾಡಿ ಅಧಿಕಾರದಿಂದ ತೆಗೆದುಹಾಕುತ್ತೇವೆಂಬ ಬೆದರಿಕೆ. ಅದೇ ಯುದ್ಧದ ಬಗ್ಗೆ ಮೇಲಕ್ಕೆ ಹೋದ ತಂತಿಯಲ್ಲಿ ಮಾತ್ರ ಗಾಯಾಳುಗಳ ವ್ಯವಸ್ಥೆ ಸಮರ್ಪಕವಾಗಿದೆಯೆಂದು ಬರೆದಿತ್ತು!

ಸತ್ಯವನ್ನು ಹೆಚ್ಚು ಕಾಲ ಅಡಗಿಸಲಾಗಲಿಲ್ಲ. 1916ರಲ್ಲಿ ಭಾರತ ಸರ್ಕಾರವೇ ಸರ್ ವಿಲಿಯಂ ವಿನ್ಸೆಂಟ್ ಮತ್ತು ಮೇಜರ್ ಜನರಲ್ ಬಿಂಗ್ಲಿ ಇವರ ಸಮಿತಿಯನ್ನು ನೇಮಿಸಿತು. ರೆಡ್‌ಕ್ರಾಸಿನ ರಿಡ್ಸ್‌ಡೇಲ್ ಕೂಡ ಅದನ್ನು ಸೇರಿದರು. ಅವರು ಸ್ಥಳಕ್ಕೇ ಹೋಗಿ ವಿಚಾರಿಸಿದರು. ಆ ನಡುವೆ ಏಪ್ರಿಲ್ 29ರಂದು ಕೂತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಟೌನ್‌ಶೆಂಡನ ಸೇನೆ ಶರಣಾಯಿತು. ಸೆರೆಯಾದವರಲ್ಲಿ ಮೇಲೆ ಹೇಳಿದ ಮೂರು ಮರಾಠಾ ಪಲ್ಟಣಗಳೂ ಇದ್ದವು. ಅದೇ ವರ್ಷ ಆಗಸ್ಟಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆಯ ಮೂಲಕ ಲಾರ್ಡ್ ಜಾರ್ಜ್ ಹ್ಯಾಮಿಲ್ಟನನ ಅಧ್ಯಕ್ಷತೆಯಲ್ಲಿ ಮೆಸೊಪೊಟೇಮಿಯ ಆಯೋಗವನ್ನು ರಚಿಸಿತು. 1917ರ ಜೂನ್ ತಿಂಗಳಲ್ಲಿ ಅದರ ವರದಿ ಪ್ರಕಟವಾಯಿತು. ಗೋಪ್ಯವಾಗಿದ್ದ ವಿನ್ಸೆಂಟ್–ಬಿಂಗ್ಲಿ ವರದಿಯೂ ಅದರೊಡನೆ ಬೆಳಕು ಕಂಡಿತು.

ವರದಿ ದೊಡ್ಡವರನ್ನೂ ಬಿಡಲಿಲ್ಲ. ಸೇನಾನಿ ನಿಕ್ಸನ್, ಸರ್ಜನ್ ಜನರಲ್ ಹ್ಯಾಥವೇ, ಭಾರತದ ದಂಡನಾಯಕ ಡಫ್, ವೈಸರಾಯ್ ಹಾರ್ಡಿಂಜ್ ಎಲ್ಲರ ಮೇಲೂ ದೋಷ ಹೊರಿಸಿತು. ಭಾರತ ಸಚಿವ ಚೇಂಬರ್ಲೇನ್ ರಾಜೀನಾಮೆ ಕೊಟ್ಟನು. ಭಾರತ ಸರ್ಕಾರದ ಜಡತ್ವವನ್ನು ಸಭೆಯಲ್ಲಿ ಕಟುವಾಗಿ ಖಂಡಿಸಿದ ಮಾಂಟೆಗುವೇ ಆ ಸ್ಥಾನಕ್ಕೆ ಬಂದನು. ಆಗಸ್ಟ್ 20ರಂದು ಭಾರತಕ್ಕೆ ಕ್ರಮೇಣ ಜವಾಬ್ದಾರಿ ಸರ್ಕಾರ ಕೊಡುವ ಘೋಷಣೆ ಮಾಡಿದವನೂ ಅವನೇ. ಆದರೆ ಯಾರನ್ನೂ ನ್ಯಾಯಾಸನದ ಮುಂದೆ ನಿಲ್ಲಿಸಲಿಲ್ಲ.

ಹಾಗಾದರೆ ವಿಚಾರಣೆಯಿಂದ ಸಿಪಾಯಿಗೆ ಬಂದ ಲಾಭವೇನು? ಅಲ್ಪವಲ್ಲ. ನದಿಯ ಮೇಲೆ ಆಸ್ಪತ್ರೆಯ ನೌಕೆಗಳು ಬಂದವು, ಮೋಟಾರು ಆಂಬುಲೆನ್ಸುಗಳು ಬಂದವು. ತಾಜಾ ತರಕಾರಿಯಿಲ್ಲದೆ ಸಾವಿರಾರು ಭಾರತೀಯ ಸಿಪಾಯಿಗಳು ಸ್ಕರ್ವಿ ರೋಗಕ್ಕೆ ತುತ್ತಾಗಿದ್ದರು. ಅವರ ಪಡಿಯ ಕಡೆಗೂ ಗಮನ ಹೋಯಿತು. ಅದುವರೆಗೆ ಗೋರಾ ಸೈನಿಕನಿಗೆ ಸುಸಜ್ಜಿತ ಸ್ಟೇಷನ್ ಆಸ್ಪತ್ರೆ, ಸಿಪಾಯಿಗೆ ಪಲ್ಟಣದ ಬಡ ದವಾಖಾನೆ ಎಂಬ ಭೇದವಿತ್ತು. 1918ರಲ್ಲಿ ಸಿಪಾಯಿಗಳಿಗೂ ಸ್ಟೇಷನ್ ಆಸ್ಪತ್ರೆಗಳು ಏರ್ಪಟ್ಟವು. 1943ರಲ್ಲಿ ರೂಪುಗೊಂಡ ಸೈನ್ಯದ ವೈದ್ಯ ದಳಕ್ಕೆ ಹಾದಿ ತೆರೆದ ಮೆಟ್ಟಿಲುಗಳಲ್ಲಿ ಇದೂ ಒಂದು.

ಬೆಂಗಳೂರಿನಲ್ಲಿ ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಕೂಡುವಲ್ಲಿ ಒಂದು ಯುದ್ಧಸ್ಮಾರಕವಿದೆ. ಅದರ ಕಲ್ಲಿನ ಮೇಲೆ ಮೆಸೊಪೊಟೇಮಿಯದ ಹೆಸರುಂಟು. ಊರಿಗೆ ಹೋದಾಗ ನಮ್ಮಲ್ಲಿ ಹಲವರು ಅದನ್ನು ಬಳಸಿಕೊಂಡೇ ನಡೆದಿದ್ದೇವೆ, ನಿಂತು ಓದಿದವರು ಕಡಿಮೆ. ಆಯೋಗದ ಪುಟಗಳಲ್ಲಿ ಅಧಿಕಾರಿಗಳ ಮಾತೇ ಹೆಚ್ಚು. ಗಾಡಿಯಲ್ಲಿ ನರಳಿದ ಸಿಪಾಯಿಯ ದನಿ ಅಲ್ಲಿ ಕೇಳುವುದು ಅಪರೂಪ. ಅವನ ಪರವಾಗಿ, ಬೆದರಿಕೆಗೆ ಮಣಿಯದೆ, ಕಂಡದ್ದನ್ನು ಕಂಡಂತೆ ಹೇಳಿದವನು ಒಬ್ಬ ವೈದ್ಯ. ಎಲ್ಲವೂ ಕ್ಷೇಮವೆಂದು ತಂತಿ ಬಂದಾಗ ದಡಕ್ಕೆ ಹೋಗಿ ದೋಣಿಯನ್ನು ಕಣ್ಣಾರೆ ನೋಡುವವನೊಬ್ಬನು ಯಾವ ಕಾಲಕ್ಕೂ ಯಾವ ರಾಜ್ಯಕ್ಕೂ ಬೇಕು. ನಾಡಹಬ್ಬದ ದಿನ ಆ ಸಿಪಾಯಿಗಳನ್ನೂ ನಾವು ನೆನೆಯೋಣ.