ಸೌದೆ ಸೀಳುವ ಕೆಲಸ: ಕರಾವಳಿಯಿಂದ ಸಯನ್‌ಗೆ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಸಂಘಸಂಸ್ಥೆಗಳ ಹಾಗೂ ಹೋಟೆಲುಗಳ ಮೂಲಕ ಬರೆದವರುಂಟು. ಸೌದೆಯ ಮೂಲಕವೂ ಅದನ್ನು ನೋಡಬಹುದೆಂಬುದು ನಮ್ಮ ಅಭಿಪ್ರಾಯ. ಸಯನ್ ಎಂಬುದು ‘ಶೀವ್’ ಎಂಬ ಮರಾಠಿ ಪದದ ರೂಪಾಂತರ, ಅರ್ಥ, ಎಲ್ಲೆ. 1896ರ ಪ್ಲೇಗಿನ ಬಳಿಕ, 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ದಾದರ್, ಮಾಟುಂಗ, ಸಯನ್‌ಗಳಲ್ಲಿ ಬಡಾವಣೆಗಳನ್ನು ರೂಪಿಸಿತು. ದಕ್ಷಿಣದಿಂದ ಬಂದ ಅನೇಕ ಕುಟುಂಬಗಳು ಅಲ್ಲಿ ನೆಲೆಸಿದವು.

ಅವರಿಗಿಂತ ಮೊದಲೇ ಅವರ ನಾಡಿನ ಮರ ಮುಂಬಯಿಯನ್ನು ಸೇರಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕರಾವಳಿಯ ಮರಮುಟ್ಟು ಹಾಯಿಹಡಗುಗಳಲ್ಲಿ ಸಾಗುತ್ತಿತ್ತು. ನಗರದ ಪೂರ್ವತೀರದ ‘ಲಕಡಿ ಬಂದರ್’ ಎಂಬ ಹೆಸರು ಮರದ ವ್ಯಾಪಾರದ ಗುರುತಾಗಿ ಇಂದಿಗೂ ಉಳಿದಿದೆ. ಮರದ ಕೋಠಿಗೆ ಮರಾಠಿಯಲ್ಲಿ ‘ವಖಾರ್’ ಎನ್ನುವರು. ಉತ್ತರ ಕರ್ನಾಟಕದ ಕನ್ನಡಕ್ಕೂ ಅದು ಅಪರಿಚಿತವಲ್ಲ.

ದೊಡ್ಡ ದಿಮ್ಮಿಯನ್ನು ಸೌದೆ ಮಾಡುವುದು ಬರಿಯ ಬಲದ ಕೆಲಸವಲ್ಲ. ಮೊದಲು ಇಬ್ಬರು ಗರಗಸ ಹಿಡಿದು ಅಡ್ಡಲಾಗಿ ತುಂಡರಿಸಬೇಕು. ಬಳಿಕ ತುದಿಯ ಬಿರುಕನ್ನು ಗುರುತಿಸಿ, ಅದರಲ್ಲಿ ಕಬ್ಬಿಣದ ಬೆಣೆಯನ್ನಿಟ್ಟು ಬಡಿಯಬೇಕು. ಬಾಯಿ ತೆರೆದಂತೆ ಎರಡನೆಯ ಬೆಣೆಯನ್ನು ಮುಂದಕ್ಕೆ ಕೊಡಬೇಕು. ಬಹಳ ದಪ್ಪದ ದಿಮ್ಮಿಯನ್ನು ನಡುವಿನಿಂದ ಒಡೆಯದೆ ಅಂಚಿನಿಂದ ಹಲ್ಲೆಹಲ್ಲೆಯಾಗಿ ಕಳಚುವುದೇ ಜಾಣತನ. ಹುಣಸೆಯಂತಹ, ನಾರು ಹೆಣೆದುಕೊಂಡ ಮರದಲ್ಲಿ ಬೆಣೆ ಸಿಕ್ಕಿಬೀಳುತ್ತದೆ. ಗಂಟಿರುವ ಕೊರಡನ್ನು ಕೊನೆಗೆ ಬಿಡುವರು. ಸೀಳಿದ ಮೈ ಬೇಗ ಒಣಗುತ್ತದೆ, ಬೇಗ ಉರಿ ಹಿಡಿಯುತ್ತದೆ. ತೊಗಟೆಯೊಳಗೆ ನೀರು ಬಹುಕಾಲ ನಿಲ್ಲುತ್ತದೆ.

ದಕ್ಷಿಣ ಕನ್ನಡದ ಅನೇಕ ಸಮುದಾಯಗಳಲ್ಲಿ ಸಾವಾದ ಮನೆಯ ಹಿತ್ತಲಿನ ಮಾವಿನ ಮರವನ್ನು ಚಿತೆಗಾಗಿ ಕಡಿಯುವ ರೂಢಿಯುಂಟು. ಕಡಿಯುವವರು, ಸೀಳುವವರು ನೆರೆಹೊರೆಯವರೇ, ಕೂಲಿಯ ಮಾತಿಲ್ಲ. ಮರ ಹಸಿಯಾದುದರಿಂದ ಸಣ್ಣಗೆ ಸೀಳಿ, ತೆಂಗಿನ ಗೆರಟೆಯನ್ನು ಸೇರಿಸುವರು. (ಶವವನ್ನು ಹೂಳುವ ಲಿಂಗಾಯತರಿಗೆ ಈ ಮಾತು ಅನ್ವಯಿಸದು.) ಸಯನ್‌ಗೆ ಬಂದ ಕುಟುಂಬಕ್ಕೆ ಹಿತ್ತಲಿಲ್ಲ, ಮರವಿಲ್ಲ. 1955ರಲ್ಲಿ ಅಡುಗೆ ಅನಿಲ ಮುಂಬಯಿಗೆ ಬಂದಿತು. ಮುಂದೆ ಸೌದೆ ಕ್ರಮೇಣ ಅಡುಗೆಮನೆಯಿಂದ ದೂರವಾಗಿ ಸ್ಮಶಾನದಲ್ಲಿ ಉಳಿಯಿತು. ಅಲ್ಲಿ ಅದು ಸೀಳಿಯೇ ಬರುತ್ತದೆ; ಒಂದು ಚಿತೆಗೆ ಸುಮಾರು 300 ಕಿಲೋ ಎಂಬುದು ಮಹಾನಗರಪಾಲಿಕೆಯ ಲೆಕ್ಕ.

ನೆರೆಯವರ ಋಣವಾಗಿದ್ದುದು ಹೀಗೆ ತಕ್ಕಡಿಯ ತೂಕವಾಯಿತು. ಇದನ್ನು ಕೇವಲ ನಷ್ಟವೆಂದು ನಾವು ಹೇಳಲಾರೆವು: ಊರಿನಲ್ಲಿ ಕೊಡಲಿ ಯಾರ ಕೈಗೆ ಬರಬೇಕೆಂಬುದನ್ನು ಎಷ್ಟೋ ಸಲ ಜಾತಿಯೂ ಒಕ್ಕಲುತನವೂ ನಿರ್ಧರಿಸುತ್ತಿದ್ದವು. ನಗರದಲ್ಲಿ ಆ ಕೈ ಕೂಲಿಯದಾಯಿತು, ಹೆಸರಿಲ್ಲದ್ದೂ ಆಯಿತು. ಚಿತೆಯ ಮೇಲೆ ಬಂಧುಗಳು ಒಂದೊಂದು ತುಂಡನ್ನಿಡುವ ಕ್ರಮ ಮಾತ್ರ ಉಳಿದಿದೆ. ವಿದ್ಯುತ್ ಚಿತಾಗಾರದಲ್ಲಿ ಅದಕ್ಕೂ ಎಡೆಯಿಲ್ಲ.