ನರ್ಸ್‌ಗಳ ಚಾರ್ಟಿನಿಂದ ಬಂದ ಮದ್ದು
1919ರ ವಿಯೆನ್ನಾ. ಹುಟ್ಟಿನಿಂದಲೇ ಸಿಫಿಲಿಸ್ ಇದ್ದ ಹುಡುಗಿಗೆ ವೈದ್ಯ ವಿದ್ಯಾರ್ಥಿ ಆಲ್ಫ್ರೆಡ್ ವೋಗ್ಲ್ ಪಾದರಸದ ನೊವಾಸುರಾಲ್ ಚುಚ್ಚುಮದ್ದು ಕೊಟ್ಟ. ನರ್ಸ್‌ಗಳು ಬರೆದಿಟ್ಟ ಮೂತ್ರದ ಲೆಕ್ಕ ಏಕಾಏಕಿ ಏರಿತ್ತು. ಪಾದರಸ ಮೂತ್ರ ಹೆಚ್ಚಿಸುತ್ತದೆ ಎಂಬ ಆ ಶೋಧದ ಅರ್ಧ ಪಾಲು ನನ್ನ ಮಟ್ಟಿಗೆ ನರ್ಸ್‌ಗಳದೇ. ವಾರ್ಡಿನಲ್ಲಿ ಇಂದಿಗೂ ನಾನು ಮೊದಲು ಕೇಳುವುದು ಆ ಚಾರ್ಟನ್ನೇ.

ಪಾದರಸ ವಿಷ, ಆದರೂ ನೀರು ತುಂಬಿ ಕಾಲು ಊದಿದ ಹೃದ್ರೋಗಿಗಳಿಗೆ ದಶಕಗಳ ಕಾಲ ಅದೇ ಗತಿ. 1950ರ ದಶಕದ ಕೊನೆಗೆ ಥಯಾಜೈಡ್, 60ರ ದಶಕದಲ್ಲಿ ಫ್ಯೂರೋಸೆಮೈಡ್ ಎಂಬ ಮೂತ್ರ ಹೆಚ್ಚಿಸುವ ಮದ್ದುಗಳು ಬಂದವು. ಫ್ಯೂರೋಸೆಮೈಡ್ ಮೂತ್ರಪಿಂಡದ ಹೆನ್ಲೆ ಕುಣಿಕೆಯಲ್ಲಿ ಉಪ್ಪು ರಕ್ತಕ್ಕೆ ಮರಳದಂತೆ ತಡೆಯುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ದಿನ ಕಳೆದಂತೆ ಆ ಕುಣಿಕೆಯ ಮುಂದಿನ ನಾಳದ ಭಾಗ ದಪ್ಪವಾಗಿ, ತಪ್ಪಿಸಿಕೊಂಡ ಉಪ್ಪನ್ನು ಹೀರತೊಡಗುತ್ತದೆ. ಆಗ ಅಲ್ಲಿಗೆ ಥಯಾಜೈಡ್ ಸೇರಿಸಿ, ಪೊಟ್ಯಾಸಿಯಂ ಮೇಲೆ ಕಣ್ಣಿಡುತ್ತೇವೆ.

ಮಾತ್ರೆ ಹಿಡಿಯುತ್ತಿಲ್ಲ ಎನ್ನುವವರೇ, ಉಪ್ಪಿನಕಾಯಿ, ಹಪ್ಪಳ, ಮಂಡಿನೋವಿಗೆ ನುಂಗುವ ಐಬುಪ್ರೊಫೆನ್, ಎಲ್ಲವನ್ನೂ ಮೊದಲು ಡಾಕ್ಟರಿಗೆ ಹೇಳಿ.