ನೆಚ್ಚಬಹುದಾದ ಉಗ್ರಾಣ

ಓಲೆಪ್ರತಿಗಳಲ್ಲಿ ಕವಿಯದಲ್ಲದ ಪದ್ಯಗಳು ಸೇರಿಕೊಂಡಿರುವುದು ಕನ್ನಡ ಪಾಠ ಹೇಳುವ ನನಗೆ ಹೊಸತಲ್ಲ. ಗಣಕಯಂತ್ರದ ಲೋಕದಲ್ಲಿಯೂ ಇಂಥ ಪ್ರಕ್ಷಿಪ್ತಗಳಿವೆಯೆಂಬುದನ್ನು ಮಾತ್ರ ನಾನು ತಡವಾಗಿ ತಿಳಿದೆ.

1999ರಲ್ಲಿ ಅಮೆರಿಕದ ವಿಎ ಲಿನಕ್ಸ್ ಸಂಸ್ಥೆ ಸೋರ್ಸ್‌ಫೋರ್ಜ್ ಎಂಬ ಉಗ್ರಾಣವನ್ನು ತೆರೆಯಿತು. ಮುಕ್ತ ತಂತ್ರಾಂಶವೆಂದರೆ ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಬರೆಯುವವರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ದುಡಿಯುವವರು. ಲಕ್ಷಾಂತರ ಜನರಿಗೆ ಅದನ್ನು ತಲಪಿಸುವ ಖರ್ಚು ಅವರಿಂದಾಗದು. ಉಗ್ರಾಣ ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟಿತು. ಬಿಟ್ಟಿ ಎಂದರೆ, ಜಾಹೀರಾತಿನ ಹಣದಿಂದ.

2012ರಲ್ಲಿ ಉಗ್ರಾಣ ಡೈಸ್ ಹೋಲ್ಡಿಂಗ್ಸ್ ಸಂಸ್ಥೆಯ ಕೈಸೇರಿತು. ಮರುವರ್ಷವೇ ಡೆವ್‌ಶೇರ್ ಎಂಬ ಏರ್ಪಾಡು ಬಂದಿತು: ಬೇಕಾದ ತಂತ್ರಾಂಶದ ಜೊತೆಗೆ ಕೇಳದಿದ್ದ ಬೇರೊಂದನ್ನೂ ಮುಂದೊಡ್ಡುವುದು, ಬಂದ ಹಣದಲ್ಲಿ ಒಪ್ಪಿದ ಕರ್ತೃವಿಗೂ ಒಂದು ಪಾಲು. ಚಿತ್ರಗಳನ್ನು ತಿದ್ದುವ ಗಿಂಪ್ ತಂತ್ರಾಂಶದವರಿಗೆ ಇದು ಹಿಡಿಸಲಿಲ್ಲ. ಡೌನ್‌ಲೋಡ್ ಗುಂಡಿಯ ವೇಷ ಹಾಕಿಕೊಂಡ ಜಾಹೀರಾತುಗಳಿಂದ ಅವರು ಮೊದಲೇ ಬೇಸತ್ತಿದ್ದರು. 2013ರ ನವೆಂಬರಿನಲ್ಲಿ ಅಲ್ಲಿಂದ ಹೊರಟುಹೋದರು.

ಮನೆ ಖಾಲಿಮಾಡಿದವರ ಹೆಸರಿನ ಫಲಕ ಮಾತ್ರ ಅಲ್ಲಿಯೇ ಉಳಿದಿತ್ತು. 2015ರ ಮೇ ತಿಂಗಳಲ್ಲಿ ಉಗ್ರಾಣದವರು ವಿಂಡೋಸ್‌ಗಾಗಿ ಇದ್ದ ಗಿಂಪ್ ಖಾತೆಯನ್ನು ತಾವೇ ವಹಿಸಿಕೊಂಡು, ಜಾಹೀರಾತು ಸೇರಿಸಿದ ಪ್ರತಿಯನ್ನು ಅದೇ ಹೆಸರಿನಲ್ಲಿ ಹಂಚುತ್ತಿರುವುದು ಬಯಲಾಯಿತು. ಅದು ಕೈಬಿಟ್ಟ ಖಾತೆ ಎಂಬುದು ಅವರ ಸಮಾಧಾನ. ಹಂಚುವ ಹಕ್ಕನ್ನು ಪರವಾನಗಿ ಎಲ್ಲರಿಗೂ ಕೊಟ್ಟಿದೆ, ನಿಜ. ಆದರೆ ಕರ್ತೃ ಬೇಡವೆಂದ ಸರಕನ್ನು ಅವನ ಅಂಕಿತದಲ್ಲಿಯೇ ಸಾಗಿಸುವುದು ಹಂಚಿಕೆಯಲ್ಲ, ನನ್ನ ಮಟ್ಟಿಗೆ ಅದು ಮೋಸವೇ. ಗದ್ದಲವೆದ್ದ ಮೇಲೆ ಆ ಪದ್ಧತಿಯನ್ನು ನಿಲ್ಲಿಸಿದರು. 2016ರಲ್ಲಿ ಉಗ್ರಾಣವನ್ನು ಕೊಂಡ ಹೊಸ ಒಡೆಯರು ಡೆವ್‌ಶೇರನ್ನೇ ತೆಗೆದುಹಾಕಿದರು. ಅಷ್ಟರಲ್ಲಿ ಬಹಳ ಜನ 2008ರಲ್ಲಿ ಆರಂಭವಾಗಿದ್ದ ಗಿಟ್‌ಹಬ್ಬಿಗೆ ವಲಸೆ ಹೋಗಿದ್ದರು. ಅದನ್ನೂ 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡಿತು! ಒಡೆತನ ಬದಲಾಗದ ಉಗ್ರಾಣವನ್ನು ಹುಡುಕುವುದು ಕಷ್ಟ.

ಹಾಗಾದರೆ ಕರ್ತೃವಿನ ಮನೆಯಿಂದಲೇ ತಂದರಾಯಿತಲ್ಲ ಎಂದು ವಾಚಕರು ಕೇಳಬಹುದು. ಅಲ್ಲಿಂದ ಹೊರಡುವುದೇ ಸರಿ. ಆದರೆ 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟಿನ ಸ್ವಂತ ಜಾಲತಾಣಕ್ಕೇ ಕನ್ನ ಹಾಕಿ, ಕಳ್ಳಬಾಗಿಲಿಟ್ಟ ಪ್ರತಿಯತ್ತ ಜನರನ್ನು ತಿರುಗಿಸಿದ್ದರು. ಪ್ರತಿಯ ಶುದ್ಧತೆಯನ್ನು ತಾಳೆ ನೋಡಲು ಒಂದು ಅಂಕೆಯನ್ನು ಪ್ರಕಟಿಸುವ ರೂಢಿಯುಂಟು. ಅದೇ ಪುಟದಲ್ಲಿದ್ದರೆ ಕಳ್ಳ ಅದನ್ನೂ ತಿದ್ದಬಲ್ಲ. ಕರ್ತೃ ತನ್ನ ಗುಟ್ಟಿನ ಕೀಲಿಯಿಂದ ಹಾಕಿದ ಗಣಕ ಸಹಿಯನ್ನು ಹಾಗೆ ತಿದ್ದಲಾಗದು. ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ನಮಗೆ ಬೇರೆ ದಾರಿಯಿಂದ, ಮುಂಚಿತವಾಗಿ ಬಂದಿರಬೇಕು, ಅಷ್ಟೆ.